ಸೊಗಡಿನ ಹಣ್ಣು, ದೇಶಾಂತರದ ವೈನು

ಯುರೋಪಿನಲ್ಲಿ ವಸಂತ ಬಂದಾಗ ದ್ರಾಕ್ಷಿ ಬಳ್ಳಿ ಕಣ್ಣು ಬಿಡುತ್ತದೆ. ನಮ್ಮ ಕಡೆ ಆ ಹೊತ್ತಿಗೆ ಗೊಂಚಲು ಕ್ರೇಟು ಸೇರಿರುತ್ತದೆ. ಶಿವರಾತ್ರಿಗೂ ಯುಗಾದಿಗೂ ನಡುವಿನ ವಾರಗಳಲ್ಲಿ ಯಲಹಂಕದಿಂದ ದೊಡ್ಡಬಳ್ಳಾಪುರದ ಕಡೆ ಹೊರಟವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಸಿಂಗನಾಯಕನಹಳ್ಳಿ, ರಾಜಾನುಕುಂಟೆ, ಮಾರಸಂದ್ರ ದಾಟುತ್ತ ಹೋದಂತೆ ಹೊಂಗೆ ಮರಗಳು ಎಳೆ ಹಸಿರು ಹೊದ್ದು ನಿಂತಿರುತ್ತವೆ. ಆ ನೆರಳಲ್ಲಿ ತಕ್ಕಡಿ ಇಟ್ಟುಕೊಂಡು ಕೂತ ಹೆಂಗಸರ ಮುಂದೆ ಕಡುನೀಲಿ ದ್ರಾಕ್ಷಿ. ಗಾಡಿ ನಿಲ್ಲಿಸುವ ಮುಂಚೆಯೇ ವಾಸನೆ ಮೂಗಿಗೆ ತಾಕುತ್ತದೆ. ಅದು ಬೆಂಗಳೂರ್ ಬ್ಲೂ. ದೇಶವಿದೇಶದ ವೈನುಗಳ ರುಚಿ ನೋಡುವ ಯೋಗ ನನಗೆ ಬಂದದ್ದು ತಲೆ ನರೆತ ಮೇಲೆ. ಆದರೆ ಯಾವ ದೇಶದ ಗ್ಲಾಸು ಕೈಗೆ ಬಂದರೂ ನನ್ನ ಮೂಗು ಮೊದಲು ಹುಡುಕಿದ್ದು ಈ ಹಣ್ಣಿನ ವಾಸನೆಯನ್ನೇ.

ಅಟ್ಟೂರಿಗೆ ನಾವು ಬಂದದ್ದು ಬ್ಯಾಂಕಿನ ಕೆಲಸದ ನೆಪದಲ್ಲಿ. ನನ್ನದು ಕೃಷಿ ಸಾಲದ ವಿಭಾಗ. ಹೆಸರಿಗೆ ಫೀಲ್ಡ್ ಆಫೀಸರ್. ಆಗ ಅಟ್ಟೂರೆಂದರೆ ಯಲಹಂಕ ಉಪನಗರದ ಅಂಚಿನ ಹಳ್ಳಿ. ಕೆರೆ, ಕೆರೆಯಾಚೆ ರಾಗಿ ಹೊಲ, ನಡುನಡುವೆ ದ್ರಾಕ್ಷಿ ಚಪ್ಪರ. ಪುಟ್ಟೇನಹಳ್ಳಿ ಕೆರೆಗೆ ಬರುವ ಕೊಕ್ಕರೆಗಳು ನಮ್ಮ ಮನೆಯ ಮೇಲೆ ಹಾದುಹೋಗುತ್ತಿದ್ದವು. ಆ ಕೆರೆಗೆ 2015ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಎಂಬ ಮನ್ನಣೆ ಸಿಕ್ಕಿತು, ಕೊಕ್ಕರೆಗಳಿಗೆ ಒಂದು ಗತಿಯಾಯಿತು. ಚಪ್ಪರಗಳಿಗೆ ಅಂಥ ಅದೃಷ್ಟ ಇರಲಿಲ್ಲ. ಒಂದೊಂದಾಗಿ ಬಿಚ್ಚಿಕೊಂಡು ಲೇಔಟಾದವು. ಖಾಲಿ ಸೈಟುಗಳಿಗೆ ಬೇಲಿಯಾಗಿ ನಿಂತ ಕಲ್ಲುಕಂಬಗಳಲ್ಲಿ ತಂತಿ ಉಜ್ಜಿದ ಗುರುತು ಕಂಡರೆ ಅವು ಹಿಂದೆ ಚಪ್ಪರ ಹೊತ್ತಿದ್ದವು ಎಂದು ನನಗೆ ತಿಳಿಯುತ್ತಿತ್ತು.

ದ್ರಾಕ್ಷಿಗೆ ಸಾಲ ಕೊಡುವುದೆಂದರೆ ಕಾಗದದ ಮೇಲೆ ಮುಗಿಯುವ ಕೆಲಸವಲ್ಲ. ಕಂಬ ಎಣಿಸಬೇಕು, ತಂತಿ ಎಳೆದು ನೋಡಬೇಕು, ಬೋರ್‌ವೆಲ್ಲಿನಲ್ಲಿ ಎಷ್ಟು ಇಂಚು ನೀರು ಎಂದು ನೋಡಬೇಕು. ಇಷ್ಟಾದ ಮೇಲೆ ಗೌಡರ ಮನೆ ಜಗಲಿಯ ಮೇಲೆ ಕಾಫಿ, ತಟ್ಟೆ ತುಂಬ ಹಣ್ಣು. ಹಿತ್ತಿಲಲ್ಲಿ ನೀಲಿ ಕಲೆ ಹತ್ತಿದ ಡ್ರಮ್ಮು ಇರದ ಬೆಳೆಗಾರನ ಮನೆಯನ್ನು ನಾನು ಕಂಡಿಲ್ಲ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ; ಬೂಜು ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಇದು ಹುಟ್ಟಿದ್ದು ಫ್ರಾನ್ಸಿನ ಬೋರ್ಡೋ ಸೀಮೆಯ ವೈನ್ ತೋಟಗಳಲ್ಲಿ. ಅಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯಂಚಿನ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ಬೂಜು ಹತ್ತದ್ದನ್ನು 1880ರ ದಶಕದಲ್ಲಿ ಮಿಯಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿದರು. ಒಂದು ದಿನ ಜಗಲಿಯಲ್ಲಿ ಈ ಕಥೆ ಹೇಳಿದೆ. ಗೌಡರು ನಕ್ಕು, ‘ಹಂಗಾದ್ರೆ ಕಳ್ರಿಗೂ ಒಂದ್ ಕೈ ಮುಗೀಬೇಕು ಬಿಡಿ ಸಾರ್’ ಅಂದರು.

ಹೀಗೆ ಫ್ರಾನ್ಸಿನ ಮದ್ದು ನಮ್ಮಲ್ಲಿಗೆ ಬಂದು ಎಷ್ಟೋ ಕಾಲವಾದ ಮೇಲೆ ಫ್ರಾನ್ಸಿನ ಬಳ್ಳಿಯೂ ಬಂತು. ಕನ್ವಲ್ ಗ್ರೋವರ್ ಎಂಬ ಉದ್ಯಮಿ ಷಾಂಪೇನ್ ಸೀಮೆಯ ಜಾರ್ಜ್ ವೆಸೆಲ್ ಅವರ ನೆರವಿನಿಂದ ದೊಡ್ಡಬಳ್ಳಾಪುರ–ದೇವನಹಳ್ಳಿ ರಸ್ತೆಯ ರಘುನಾಥಪುರದಲ್ಲಿ, ನಂದಿಬೆಟ್ಟದ ತಪ್ಪಲಿನಲ್ಲಿ, 1988ರಲ್ಲಿ ತೋಟ ಹಾಕಿದರು. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಕೆಂಪು ನೆಲ. ಹಗಲು ಬಿಸಿಲು, ರಾತ್ರಿ ತಂಪು. ವೈನಿನ ಹಣ್ಣಿಗೆ ಬೇಕಾದದ್ದು ಇದೇ. ಹಗಲು ಸಕ್ಕರೆ ಕೂಡುತ್ತದೆ, ರಾತ್ರಿಯ ತಂಪು ಹುಳಿಯನ್ನು ಕಾಯುತ್ತದೆ. ಮುಂದೆ ಬೋರ್ಡೋದ ಹೆಸರಾಂತ ವೈನ್ ಸಲಹೆಗಾರ ಮಿಷೆಲ್ ರೋಲಾಂ ಕೂಡ ಈ ತೋಟಕ್ಕೆ ಸಲಹೆ ಕೊಡಲು ಬಂದರು.

ಸುತ್ತಲಿನ ರೈತರಿಗೆ ಅದೊಂದು ತಮಾಷೆ. ಚಪ್ಪರವಿಲ್ಲ, ಸಾಲು ಸಾಲಾಗಿ ನೆಟ್ಟಗೆ ಕಟ್ಟಿದ ಬಳ್ಳಿ. ಹಣ್ಣು ಸಣ್ಣದು, ಸಿಪ್ಪೆ ದಪ್ಪ, ಒಳಗೆಲ್ಲ ಬೀಜ. ಸಾಲದ್ದಕ್ಕೆ ಕಾಯಿ ಕಚ್ಚಿದ ಗೊಂಚಲನ್ನು ತಾವೇ ಕಿತ್ತು ಬಿಸಾಡುತ್ತಾರಂತೆ! ‘ತಿನ್ನಕ್ಕಾಗ್ದಿರೋ ಹಣ್ಣಿಗೆ ಇಷ್ಟೊಂದು ಆರೈಕೆನಾ ಸಾರ್?’ ಎಂದು ನನ್ನನ್ನು ಕೇಳುತ್ತಿದ್ದರು. ಬಳ್ಳಿಯ ಮೇಲೆ ಹಣ್ಣು ಕಡಿಮೆಯಾದಷ್ಟೂ ಉಳಿದ ಹಣ್ಣಿನ ರಸ ಗಟ್ಟಿಯಾಗುತ್ತದೆ ಎಂಬ ಲೆಕ್ಕ ಕಿಲೋ ತೂಕದಲ್ಲಿ ಬದುಕುವವರಿಗೆ ಒಪ್ಪುವುದು ಕಷ್ಟ. ನಮ್ಮ ಬೆಂಗಳೂರ್ ಬ್ಲೂ ವರ್ಷಕ್ಕೆ ಎರಡು ಬೆಳೆ ಕೊಡುವ ಬಳ್ಳಿ. ಫ್ರಾನ್ಸಿನದು ಒಂದೇ ಬೆಳೆಗೆ ಒಂದು ವರ್ಷದ ಮುತುವರ್ಜಿ ಕೇಳುತ್ತದೆ.

ಆ ಬಳ್ಳಿಗೆ ತನ್ನ ಊರಿನಲ್ಲಿ ಚಳಿಗಾಲವೆಂದರೆ ನಿದ್ದೆ. ಎಲೆ ಉದುರಿಸಿ ಮಲಗಿ ವಸಂತಕ್ಕೆ ಏಳುತ್ತದೆ. ದೊಡ್ಡಬಳ್ಳಾಪುರದಲ್ಲಿ ಮಲಗುವಷ್ಟು ಚಳಿ ಎಲ್ಲಿಂದ ಬರಬೇಕು? ಇಲ್ಲಿ ಋತು ತರುವುದು ಕತ್ತರಿ. ಮಳೆಗಾಲ ಹಿಂದೆ ಸರಿಯುವಾಗ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಹಣ್ಣಿಗಾಗಿ ಒಂದು ಕಟಿಂಗು. ಕೊಯ್ಲು ಮುಗಿದ ಮೇಲೆ ಬೇಸಿಗೆಯಲ್ಲಿ ಕಡ್ಡಿಗಾಗಿ ಇನ್ನೊಂದು. ಹೀಗಾಗಿ ನಮ್ಮ ವೈನ್ ತೋಟಗಳು ಫ್ರಾನ್ಸಿನ ಪಂಚಾಂಗ ಬಿಟ್ಟು ಅರ್ಜೆಂಟೀನಾ, ಚಿಲಿ, ದಕ್ಷಿಣ ಆಫ್ರಿಕಾದ ಪಂಚಾಂಗಕ್ಕೆ ಸೇರಿಕೊಂಡಿವೆ. ಅಲ್ಲಿಯೂ ಕೊಯ್ಲು ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಅಲ್ಲಿ ಅದು ಶರತ್ಕಾಲ, ಇಲ್ಲಿ ಮಾವು ಹೂಬಿಡುವ ಕಾಲ.

ಅಂಥದೊಂದು ಮಾರ್ಚಿನಲ್ಲಿ ನನ್ನ ಹೆಂಡತಿಯನ್ನೂ ಕರೆದುಕೊಂಡು ವೈನರಿ ನೋಡಲು ಹೋದೆ. ಮೊದಲು ಘಾಟಿ ಸುಬ್ರಹ್ಮಣ್ಯ, ಆಮೇಲೆ ವೈನರಿ ಎಂಬ ಒಪ್ಪಂದದ ಮೇಲೆ ಅವಳು ಹೊರಟಿದ್ದಳು. ಉಕ್ಕಿನ ಟ್ಯಾಂಕುಗಳ ಸಾಲು, ತಂಪು ಕೋಣೆಯಲ್ಲಿ ಫ್ರೆಂಚ್ ಓಕ್ ಪೀಪಾಯಿಗಳು, ಹಿಂಡಿದ ಸಿಪ್ಪೆಯ ಹುಳಿ ಘಮಲು. ಕೆಂಪು ವೈನಿಗೆ ಬಣ್ಣ ಬರುವುದು ರಸದಿಂದಲ್ಲ, ರಸದ ಜೊತೆ ಸಿಪ್ಪೆ ನೆನೆಯುವುದರಿಂದ ಎಂದು ತೋರಿಸಿದರು. ಕೊನೆಗೆ ಮೇಜಿನ ಮೇಲೆ ಗ್ಲಾಸುಗಳು ಬಂದವು. ಬಿಳಿಯದು ಮೊದಲು, ಕೆಂಪು ಆಮೇಲೆ. ‘ಕುಡಿಯೋದು ನಿಮ್ಮ ಕೆಲಸ ರೀ, ಮೂಸೋದು ನನ್ನದು’ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು.

ಅವಳ ಮೂಗಿನ ಮಹಿಮೆ ನನಗೆ ಅವತ್ತೇ ತಿಳಿದದ್ದು. ಸೋವಿನ್ಯೋಂ ಬ್ಲಾಂಕಿನ ಗ್ಲಾಸು ಮೂಗಿನ ಹತ್ತಿರ ಹಿಡಿದು, ‘ಸೀಬೆಹಣ್ಣು. ಇರಿ, ದಪ್ಪಮೆಣಸಿನಕಾಯಿ ಹೆಚ್ಚಿದ ವಾಸನೆಯೂ ಇದೆ’ ಅಂದಳು. ವಿವರಿಸುತ್ತಿದ್ದ ಹುಡುಗ ತಾನು ಹೇಳಬೇಕಾದದ್ದನ್ನು ಇವಳೇ ಹೇಳಿದಳೆಂದು ತಬ್ಬಿಬ್ಬಾದ. ಶಿರಾಜ್ ಬಂದಾಗ, ‘ಇದಕ್ಕೆ ಕರಿಮೆಣಸು ಹಾಕಿದ್ದೀರಾ ಮರಿ?’ ಎಂದು ಕೇಳಿದಳು. ಯಾರೂ ಹಾಕಿರಲಿಲ್ಲ. ಶಿರಾಜ್ ಹಣ್ಣಿನ ಸಿಪ್ಪೆಯಲ್ಲಿ ರೊಟಂಡೋನ್ ಎಂಬ ಸಂಯುಕ್ತವಿದೆ, ನಮ್ಮ ಮಲೆನಾಡಿನ ಮೆಣಸಿಗೂ ಆ ಘಾಟು ಕೊಡುವುದು ಅದೇ ಎಂದು ಆಸ್ಟ್ರೇಲಿಯಾದ ವಿಜ್ಞಾನಿಗಳು 2008ರಲ್ಲಿ ಪ್ರಕಟಿಸಿದರು. ಹುಳಿಪುಡಿ ಹುರಿಯುವಾಗ ಯಾವುದು ಸೀದಿತು, ಯಾವುದು ಹಸಿ ಉಳಿಯಿತು ಎಂದು ಹೊಗೆಯಲ್ಲೇ ಹೇಳುವ ಮೂಗಿಗೆ ಅದು ಯಾವ ಲೆಕ್ಕ? ವೈನ್ ರುಚಿ ನೋಡುವುದು ಸಿರಿವಂತರ ಶೋಕಿ ಎಂಬ ಅಳುಕು ನನಗಿತ್ತು. ಅಡುಗೆಮನೆಯಲ್ಲಿ ಪಳಗಿದ ಯಾರಿಗೂ ಆ ವಿದ್ಯೆ ಅರ್ಧ ಬಂದೇ ಇರುತ್ತದೆ.

ಆಮೇಲೆ ಅವಳು ಕೇಳಿದ ಪ್ರಶ್ನೆ ಮಾತ್ರ ಸರಳವಾಗಿತ್ತು: ‘ನಮ್ಮ ಬ್ಲೂ ದ್ರಾಕ್ಷಿದು ಇಲ್ವಾ?’ ಮುಂದೆ ಬೇರೆ ಬೇರೆ ವೈನರಿಗಳಲ್ಲಿಯೂ ನಾವು ಇದನ್ನು ಕೇಳಿದ್ದುಂಟು. ಉತ್ತರ ಹೆಚ್ಚುಕಡಿಮೆ ಒಂದೇ. ಅದು ತಿನ್ನುವ ಹಣ್ಣು, ಜ್ಯೂಸಿನ ಹಣ್ಣು. ಬಹಳವೆಂದರೆ ಪೋರ್ಟ್ ಎಂದು ಮಾರುವ ಅಗ್ಗದ ಸಿಹಿ ವೈನಿಗೆ ಆಗುತ್ತದೆ. ಒಳ್ಳೆಯ ವೈನಿಗೆ ಆ ವಾಸನೆ ಒಗ್ಗುವುದಿಲ್ಲ.

ಆದರೆ ನಮ್ಮ ಪಕ್ಕದ ಮನೆಯಲ್ಲಿ ಅದಕ್ಕೆ ಬೇರೆ ಮರ್ಯಾದೆ ಇತ್ತು. ಮಂಗಳೂರು ಕಡೆಯ ಕ್ರೈಸ್ತ ಕುಟುಂಬ. ಕ್ರಿಸ್ಮಸ್ಸಿಗೆ ಮುಂಚೆ ಆ ಮನೆಯ ಅಜ್ಜಿ ಬೆಂಗಳೂರ್ ಬ್ಲೂ ತರಿಸಿ, ತೊಳೆದು, ಬಟ್ಟೆಯ ಮೇಲೆ ಹರಡಿ ಆರಿಸುತ್ತಿದ್ದರು. ದೊಡ್ಡ ಜಾಡಿಯಲ್ಲಿ ಹಣ್ಣು ಕಿವುಚಿ, ಸಕ್ಕರೆ, ಹಿಡಿ ಗೋಧಿ, ಚಿಟಿಕೆ ಈಸ್ಟ್, ಲವಂಗ ಚಕ್ಕೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ, ದಿನವೂ ಮರದ ಸೌಟಿನಿಂದ ಕೈಯಾಡಿಸುವರು. ಕಂಟೋನ್ಮೆಂಟಿನ ಆಂಗ್ಲೋ ಇಂಡಿಯನ್ ಮನೆಗಳಿಂದ ಹಿಡಿದು ಬೆಂಗಳೂರಿನ ಎಷ್ಟೋ ಅಡುಗೆಮನೆಗಳಲ್ಲಿ ಈ ಜಾಡಿ ತಲೆಮಾರುಗಳಿಂದ ಇದೆ. ಹಬ್ಬದ ದಿನ ಕುಸ್ವಾರ್ ತಿಂಡಿಗಳ ತಟ್ಟೆಯ ಜೊತೆ ಪುಟ್ಟ ಲೋಟದಲ್ಲಿ ನಮಗೂ ಬರುತ್ತಿತ್ತು. ನನ್ನ ಹೆಂಡತಿ ತುಟಿಗೆ ಸೋಕಿಸಿದ ವೈನೆಂದರೆ ಅದೊಂದೇ. ‘ಇದು ಹಣ್ಣಿನ ಪಾನಕ ಅಲ್ವಾ’ ಎಂಬ ಸಮಜಾಯಿಷಿ ಅವಳದು.

ನಿವೃತ್ತನಾದ ಮೇಲೆ ನಮ್ಮ ವಸಂತದ ತಿರುಗಾಟಕ್ಕೆ ದೂರದ ದಾರಿಯೂ ತೆರೆಯಿತು. ಮಗಳು ಅಳಿಯ ಫ್ರಾಂಕ್‌ಫರ್ಟಿನಲ್ಲಿದ್ದರು. ಒಂದು ಏಪ್ರಿಲ್‌ನಲ್ಲಿ ಕೊಬ್ಲೆನ್ಸ್‌ವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಮೋಸೆಲ್ ನದಿಯ ಪಕ್ಕದಲ್ಲೇ ಸಾಗಿ ಕೊಖೆಮ್ ಎಂಬ ಊರಿಗೆ ಕರೆದುಕೊಂಡು ಹೋದರು. ನದಿಯ ಎರಡೂ ದಂಡೆಗೆ ಗೋಡೆಯಂತೆ ಎದ್ದ ಗುಡ್ಡ, ಅದರ ಮೈತುಂಬ ದ್ರಾಕ್ಷಿ. ಕೆಲವು ಕಡೆ ಇಳಿಜಾರು 60 ಡಿಗ್ರಿ ದಾಟುತ್ತದೆ. ಟ್ರ್ಯಾಕ್ಟರ್ ಹತ್ತದ ಕಡೆ ಒಂಟಿ ಹಳಿಯ ಮೇಲೆ ಓಡುವ ಪುಟ್ಟ ಬಂಡಿ. ನಾವು ಹೋದಾಗ ಬಳ್ಳಿಗಳೆಲ್ಲ ಒಣಕಡ್ಡಿ; ಗಂಟುಗಳಲ್ಲಿ ಮಾತ್ರ ಹತ್ತಿಯಷ್ಟು ಮೃದುವಾದ ಮೊಗ್ಗು. ದೊಡ್ಡಬಳ್ಳಾಪುರದಲ್ಲಿ ಕೊಯ್ಲು ನೋಡಿ ವಿಮಾನ ಹತ್ತಿದ್ದ ನಮಗೆ ಅದು ವರ್ಷವನ್ನು ಹಿಂದುಮುಂದಾಗಿ ಓದಿದಂತೆ ಕಂಡಿತು.

ಅಲ್ಲಿ ಬೆಳೆಗಾರರು ವರ್ಷದಲ್ಲಿ ನಾಲ್ಕು ತಿಂಗಳು ಮೀರದಂತೆ ತಮ್ಮ ಮನೆಯಂಗಳದಲ್ಲೇ ಸ್ವಂತ ವೈನು ಮಾರಬಹುದು. ಬಾಗಿಲಿಗೆ ಸೊಪ್ಪಿನ ಕಟ್ಟು ನೇತುಹಾಕಿದ್ದರೆ ಅಂಗಡಿ ತೆರೆದಿದೆ ಎಂದರ್ಥ. ಅಂಥದೊಂದು ಮನೆಯಲ್ಲಿ ವಯಸ್ಸಾದ ಯಜಮಾನರು ರೀಸ್ಲಿಂಗ್ ತಂದಿಟ್ಟರು. ಮೊದಲು ಹೊಸದು, ಆಮೇಲೆ ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ಮಲಗಿಸಿದ್ದು. ಹಳೆಯದನ್ನು ಮೂಸಿದ ನನ್ನ ಹೆಂಡತಿ ಮುಖ ಹಿಂದೆ ಎಳೆದುಕೊಂಡು, ‘ಸೀಮೆಎಣ್ಣೆ!’ ಅಂದಳು. ‘ಅಮ್ಮಾ, ಅದನ್ನ ಅವರಿಗೆ ಹೇಗೆ ಹೇಳಲಿ’ ಎಂದು ಮಗಳು ಒದ್ದಾಡಿದಳು. ಕೊನೆಗೆ ಹೇಳಿದಳು. ಯಜಮಾನರು ಬೇಸರಪಡುವ ಬದಲು ಮೇಜು ಕುಟ್ಟಿ ನಕ್ಕರು. ವಯಸ್ಸಾದ ರೀಸ್ಲಿಂಗಿನ ಗುರುತೇ ಆ ವಾಸನೆ, ಅದಕ್ಕಾಗಿಯೇ ಹುಡುಕಿಕೊಂಡು ಬರುವವರಿದ್ದಾರೆ ಎಂದರು. ಸೀಮೆಎಣ್ಣೆಯಂಥ ವಾಸನೆ ಗುಣವಾಗುವುದಾದರೆ ನಮ್ಮ ಹಣ್ಣಿನ ಪರಿಮಳ ಮಾತ್ರ ದೋಷ ಹೇಗಾಯಿತು? ಈ ಪ್ರಶ್ನೆ ನನ್ನ ತಲೆಯಲ್ಲಿ ಕೂತದ್ದು ಅಲ್ಲಿಂದ.

ಉತ್ತರ ಸಿಕ್ಕಿದ್ದು ಇನ್ನೊಂದು ವಸಂತದಲ್ಲಿ, ಆಸ್ಟ್ರಿಯಾದ ಪೂರ್ವದಂಚಿನಲ್ಲಿ. ವಿಯೆನ್ನಾ ನೋಡಲು ಹೋದವರು ಹಂಗೇರಿ ಗಡಿಗೆ ಅಂಟಿಕೊಂಡ ದಕ್ಷಿಣ ಬುರ್ಗೆನ್‌ಲಾಂಡಿಗೂ ಹೋದೆವು. ಹೈಲಿಗೆನ್‌ಬ್ರುನ್ ಎಂಬ ಹಳ್ಳಿಯಲ್ಲಿ ಹುಲ್ಲು ಹೊದಿಸಿದ ಪುಟ್ಟ ಪುಟ್ಟ ವೈನ್ ಮನೆಗಳ ಒಂದು ಕೇರಿಯೇ ಇದೆ. ಅಲ್ಲಿ ಸಿಗುವುದು ಉಹುಡ್ಲರ್ ಎಂಬ ನಸುಗೆಂಪು ವೈನು. ಗ್ಲಾಸು ಮೂಗಿಗೆ ತಂದವಳೇ ಅವಳು ನನ್ನ ಕೈ ಹಿಡಿದಳು. ‘ರೀ, ಇದು ನಮ್ಮ ಮಾರಸಂದ್ರದ ಹಣ್ಣಲ್ವಾ?’ ಬೇರೆಯವರು ಅದಕ್ಕೆ ಕಾಡು ಸ್ಟ್ರಾಬೆರಿಯ ವಾಸನೆ ಅನ್ನುತ್ತಾರೆ. ನಮಗೆ ಅದು ದೊಡ್ಡಬಳ್ಳಾಪುರ ರಸ್ತೆ.

ಹಿಂದಿನ ಕಥೆ ಹೀಗಿದೆ. 19ನೇ ಶತಮಾನದ ಮಧ್ಯಭಾಗದಲ್ಲಿ ಅಮೆರಿಕದ ಬಳ್ಳಿಗಳ ಜೊತೆ ಹಡಗು ಹತ್ತಿ ಬಂದ ಫಿಲಾಕ್ಸೆರಾ ಎಂಬ ಸಣ್ಣ ಕೀಟ ಯುರೋಪಿನ ತೋಟಗಳ ಬೇರು ತಿಂದು ಹಾಕಿತು. ಅಮೆರಿಕದ ಬೇರಿಗೆ ಆ ಕೀಟವನ್ನು ತಡೆಯುವ ಶಕ್ತಿ ಇತ್ತು. ಕೆಲವರು ಆ ಬೇರಿನ ಮೇಲೆ ತಮ್ಮ ಬಳ್ಳಿ ಕಸಿ ಕಟ್ಟಿದರು. ಕೆಲವರು ಅಮೆರಿಕದ ರಕ್ತವಿದ್ದ ಮಿಶ್ರ ತಳಿಗಳನ್ನೇ ನೆಟ್ಟರು. ಉಹುಡ್ಲರ್ ಬಂದದ್ದು ಇಂಥ ಮಿಶ್ರ ತಳಿಗಳಿಂದ. ಅವುಗಳಲ್ಲಿ ಒಂದಾದ ಇಸಬೆಲ್ಲಾ ನಮ್ಮ ಬೆಂಗಳೂರ್ ಬ್ಲೂವಿನ ಹತ್ತಿರದ ನೆಂಟ. ಈ ವಾಸನೆಯಲ್ಲಿ ಮಿಥೈಲ್ ಆಂಥ್ರನಿಲೇಟ್ ಎಂಬ ಸಂಯುಕ್ತದ ಪಾಲೂ ಇದೆ. ಆದರೆ ವೈನು ಕೊಳ್ಳುವವರಿಗಿಂತ ಹೆಚ್ಚಾಗಿ ಸುರಿಯುತ್ತಿದ್ದ 1930ರ ದಶಕದಲ್ಲಿ ಫ್ರಾನ್ಸು ಇಸಬೆಲ್ಲಾ ಸೇರಿದಂತೆ ಇಂಥ 6 ತಳಿಗಳನ್ನು ನಿಷೇಧಿಸಿತು. ಕೀಳು ವಾಸನೆ ಎಂಬುದೂ ಆರೋಪಪಟ್ಟಿಯಲ್ಲಿತ್ತು. ಉಹುಡ್ಲರ್ ಕೂಡ ಎಷ್ಟೋ ವರ್ಷ ಮಾರಾಟಕ್ಕೆ ಸಲ್ಲದೆ ಮನೆಬಳಕೆಯಲ್ಲಿ ಜೀವ ಹಿಡಿದುಕೊಂಡಿತ್ತು. ಈಗ ಅದು ಆ ಸೀಮೆಯ ಹೆಮ್ಮೆ. ಪ್ರವಾಸಿಗರು ಅದನ್ನು ಕೇಳಿಕೊಂಡು ಬರುತ್ತಾರೆ. ಇಟಲಿಯಲ್ಲಿ ಇದೇ ಕುಲದ ಹಣ್ಣಿನಿಂದ ಫ್ರಾಗೋಲಿನೊ ಎಂಬ ವೈನು ಮಾಡುತ್ತಾರೆ. ಬ್ರೆಜಿಲ್‌ನಲ್ಲಿ ಇಸಬೆಲ್ಲಾದ ತೋಟಗಳೇ ಹರಡಿಕೊಂಡಿವೆ.

ಅವರೆಕಾಯಿಯ ಸೊಗಡನ್ನು ಕೈಗೆ ಹತ್ತಿಸಿಕೊಂಡು ಮೂಸುವ ಜನ ನಾವು. ಆ ಸೊಗಡಿಲ್ಲದ ಅವರೆಕಾಯಿಗೆ ಬೆಂಗಳೂರಿನಲ್ಲಿ ಬೆಲೆಯಿಲ್ಲ. ಬೆಂಗಳೂರ್ ಬ್ಲೂವಿನ ವಾಸನೆಯೂ ಇಂಥದೇ ನೆಲದ ಸೊಗಡು. ಬೇರೆ ಸೀಮೆಯವರು ತಮ್ಮ ಕಾರಣಕ್ಕೆ ಅದನ್ನು ದೋಷವೆಂದರೆ ನಾವೂ ತಲೆಯಾಡಿಸಬೇಕಿಲ್ಲ. ಕ್ಯಾಬರ್ನೆ, ಶಿರಾಜ್ ಬೇಡವೆಂದು ನಾನು ಹೇಳುತ್ತಿಲ್ಲ. ಅವೂ ಇಲ್ಲಿ ಒಗ್ಗಿಕೊಂಡ ಸಸಿಗಳೇ. ನಮ್ಮ ನಾಡಿನ ವೈನ್ ತೋಟಗಳಲ್ಲಿ ಫ್ರಾನ್ಸಿನ ಬಳ್ಳಿಯನ್ನು ಡಾಗ್‌ರಿಡ್ಜ್ ಎಂಬ ಬೇರಿನ ಮೇಲೆ ಕಸಿ ಕಟ್ಟುವುದು ರೂಢಿ. ಬರಗಾಲ, ಉಪ್ಪುನೀರು ತಡೆದುಕೊಳ್ಳುವ ಆ ಬೇರಿನ ಮೂಲ ಅಮೆರಿಕದ ಟೆಕ್ಸಾಸ್. ಹಾಗಿರುವಾಗ ದ್ರಾಕ್ಷಿಯಲ್ಲಿ ಮಡಿಮೈಲಿಗೆ ಎಲ್ಲಿ? ನಮ್ಮ ಅಟ್ಟೂರಿಗೆ ಹತ್ತಿರದ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬೆಂಗಳೂರ್ ಬ್ಲೂವಿನ ಗಟ್ಟಿತನ ಕಂಡು ಅದನ್ನು ಅನಾಬ್-ಎ-ಶಾಹಿ ಜೊತೆ ಕೂಡಿಸಿ ಅರ್ಕಾ ಹಂಸ್, ಬ್ಲ್ಯಾಕ್ ಚಂಪಾ ಜೊತೆ ಕೂಡಿಸಿ ಅರ್ಕಾ ಶ್ಯಾಮ್ ತಳಿ ತೆಗೆದಿದ್ದರು. ವೈನಿಗೂ ಆಗಲಿ ಎಂಬ ಯೋಚನೆ ಅದರಲ್ಲಿತ್ತು.

ಸರ್ಕಾರವೂ ಸುಮ್ಮನೆ ಕೂತಿರಲಿಲ್ಲ. 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ಬಂತು, ದ್ರಾಕ್ಷಾರಸ ಮಂಡಳಿ ಬಂತು, ನಂದಿ ಕಣಿವೆ, ಕೃಷ್ಣಾ ಕಣಿವೆ, ಕಾವೇರಿ ಕಣಿವೆ ಎಂಬ ವಿಂಗಡಣೆ ಬಂತು. ಬೆಂಗಳೂರ್ ಬ್ಲೂವಿಗೆ 2013ರಲ್ಲಿ ಜಿಐ ಟ್ಯಾಗ್ ಸಿಕ್ಕಿತು. ಆದರೆ 2020ರ ಲಾಕ್‌ಡೌನಿನಲ್ಲಿ, ಕೊಯ್ಲಿನ ನಡುವೆಯೇ ಮಾರುಕಟ್ಟೆ ಮುಚ್ಚಿದಾಗ, ಚಿಕ್ಕಬಳ್ಳಾಪುರ ಸೀಮೆಯ ದ್ರಾಕ್ಷಿ ತೋಟದಲ್ಲೇ ಕೊಳೆಯಿತು. ನಾನು ಸಾಲ ಕೊಟ್ಟಿದ್ದ ರೈತರ ಮಕ್ಕಳು ಫೋನು ಮಾಡಿ, ‘ಏನಾದ್ರೂ ಮಾಡಕ್ಕಾಗುತ್ತಾ ಸಾರ್?’ ಎಂದು ಕೇಳುತ್ತಿದ್ದರು. ತಿನ್ನುವ ಹಣ್ಣಿನ ಆಯಸ್ಸು ಕೆಲವೇ ದಿನ, ಬಾಟಲಿಯದು ವರ್ಷಗಟ್ಟಲೆ. ಸೊಗಡಿನ ಹಣ್ಣಿಗೆ ಒಂದು ಗೌರವದ ವೈನಿದ್ದಿದ್ದರೆ ಅಷ್ಟೂ ಹಣ್ಣು ಉಳಿಯುತ್ತಿತ್ತು ಎನ್ನಲಾರೆ, ಒಂದಷ್ಟಾದರೂ ಉಳಿಯುತ್ತಿತ್ತು.

ಈಗ ವಿಮಾನ ನಿಲ್ದಾಣದ ಹತ್ತಿರ ಎಕರೆ ಲೆಕ್ಕ ಹೋಗಿ ಚದರಡಿ ಲೆಕ್ಕ ಬಂದಿದೆ. ಬೋರ್‌ವೆಲ್ಲು ಸಾವಿರ ಅಡಿ ದಾಟಿದರೂ ನೀರಿನ ಭರವಸೆಯಿಲ್ಲ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ಕೊಳಚೆ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಏರಿ ಹೋಗುತ್ತಿದೆ. ಚಪ್ಪರ ಉಳಿಯಬೇಕಾದರೆ ಅದು ಸೈಟಿಗಿಂತ ಹೆಚ್ಚಲ್ಲದಿದ್ದರೂ ಬದುಕುವಷ್ಟಾದರೂ ದುಡಿದು ಕೊಡಬೇಕು.

ಆದ್ದರಿಂದ ನಂದಿಬೆಟ್ಟದ ಸೂರ್ಯೋದಯದ ಫೋಟೊ ತೆಗೆದು ಹಾಗೇ ಮನೆಗೆ ತಿರುಗುವವರಿಗೆ ಒಂದು ಮಾತು. ಫೆಬ್ರವರಿ–ಮಾರ್ಚಿನಲ್ಲಿ ಹೋಗಿ, ವೈನರಿಗಳಿಗೆ ಮೊದಲೇ ಫೋನು ಮಾಡಿ ಸಮಯ ಕೇಳಿಕೊಳ್ಳಿ. ಕುಡಿಯುವವರು ಗಾಡಿಯ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಿ. ಕುಡಿಯದವರು ಸಂಕೋಚಪಡದೆ ಗ್ಲಾಸು ತೆಗೆದುಕೊಂಡು ಮೂಸಿ ನೋಡಿ, ಅನ್ನಿಸಿದ್ದನ್ನು ಅನ್ನಿಸಿದ ಹಾಗೆ ಹೇಳಿ. ಎಲ್ಲ ಮುಗಿದ ಮೇಲೆ ಬೆಂಗಳೂರ್ ಬ್ಲೂ ವೈನು ಇದೆಯೇ ಎಂದು ಕೇಳದೆ ಬರಬೇಡಿ. ಕೇಳುವವರು ಹೆಚ್ಚಿದರೆ ಮಾಡುವವರು ಹುಟ್ಟುತ್ತಾರೆ.